ಬಿಸಿಯಾದಾಗ ಮಾತ್ರ ಕೈಕೊಡುತ್ತಿದ್ದ ಗೇರ್

ಧಾರವಾಡದಲ್ಲಿ ನನ್ನದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಎಡಗಾಲಿನ ಮೊಣಕಾಲು ನೋವು ಶುರುವಾದ ಮೇಲೆ ಕ್ಲಚ್ ತುಳಿಯೋ ಸಹವಾಸವೇ ಬೇಡ ಅಂತ 2003ರ ಒಂದು ಆಟೋಮ್ಯಾಟಿಕ್ ಕಾರು ತಗೊಂಡೆ. ಸಾಮಾನು ತರಲು ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಲೇಬೇಕು.

ಹೋದ ಏಪ್ರಿಲ್‌ನಲ್ಲಿ ಕಾಟ ಶುರುವಾಯಿತು. ಮನೆಯಿಂದ ಹೊರಟಾಗ ಗಾಡಿ ಚೆನ್ನಾಗೇ ಇರುತ್ತಿತ್ತು. ನವಲೂರು ದಾಟಿ ಉಣಕಲ್ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಮಾತ್ರ ಏಳುತ್ತಲೇ ಇರಲಿಲ್ಲ. ಮೂರನೇ ಗೇರ್‌ನಲ್ಲಿ ಗಾಡಿ ಎತ್ತಿದ ಹಾಗೆ. ಹಿಂದಿನವರ ಹಾರ್ನ್ ಬೇರೆ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಒಂದೆರಡು ಕಿಲೋಮೀಟರ್ ಸರಿ, ಆಮೇಲೆ ಮತ್ತದೇ.

ಗ್ಯಾರೇಜಿನವರು ನೋಡಿದರು. "ಸರ, ಗೇರ್‌ಬಾಕ್ಸ್ ಹೋಗೇತ್ರಿ. ಇಳಿಸಿ ಬಿಚ್ಚಬೇಕು. ಎಪ್ಪತ್ತು ಸಾವಿರ ಹಿಡ್ಕೊಳ್ರಿ." ಅವರು ನೋಡಿದ್ದು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ಅದೇ ನನಗೆ ಸರಿ ಬರಲಿಲ್ಲ.

ಮೊದಲು ಗೇರ್‌ಬಾಕ್ಸಿನ ಆಯಿಲ್ ನೋಡಿದೆ. ಎಂಜಿನ್ ಓಡುತ್ತಿರುವಾಗಲೇ ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ, ಪಾರ್ಕಿಗೆ ತಂದು, ಆಯಿಲ್ ಅಳೆಯೋ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿದೆ. ಕೆಂಪು ಸ್ವಲ್ಪ ಕಂದಿತ್ತು, ಅಷ್ಟೇ. ಒಳಗಿನ ಕ್ಲಚ್ ಪ್ಲೇಟು ಸುಟ್ಟಿದ್ದರೆ ಬರೋ ಕರಕಲು ವಾಸನೆ ಇರಲಿಲ್ಲ. ಸುಟ್ಟ ವಾಸನೆ ಹೇಗಿರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಮುಂದಿನ ಸಲ ಕೈಕೊಟ್ಟಾಗ ಗಾಡಿ ಪಕ್ಕಕ್ಕೆ ಹಾಕಿ, ಲಿವರನ್ನು 'ಡಿ' ಅಂದರೆ ಡ್ರೈವ್‌ನಿಂದ 'ಎಲ್' ಅಂದರೆ ಲೋಗೆ ತಂದೆ. ಜಗ್ಗಿಕೊಂಡು ಹೊರಟಿತು! 'ಡಿ'ಯಲ್ಲಿ ಯಾವ ಗೇರ್ ಅಂತ ಕಂಪ್ಯೂಟರು ಎರಡು ಸೊಲೆನಾಯ್ಡ್‌ಗಳಿಂದ, ಅಂದರೆ ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಕಾಯಿಲ್‌ಗಳಿಂದ, ಹೇಳಿಸುತ್ತದೆ. ಈ ಗೇರ್‌ಬಾಕ್ಸಿನಲ್ಲಿ 'ಎಲ್'ಗೆ ಹಾಕಿದರೆ ಲಿವರೇ ವಾಲ್ವ್ ಸರಿಸಿ ಒಂದನೇ ಗೇರ್ ಕೊಡುತ್ತದೆ. ಅಂದರೆ ಪ್ಲೇಟು, ಪಂಪು ಸರಿ ಇವೆ, ಹೇಳುವವನೇ ಸುಮ್ಮನಾಗಿದ್ದಾನೆ. ಮೀಟರಿನಲ್ಲಿ ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ಆಫ್ ದೀಪ ಮಿಣುಕುತ್ತಿತ್ತು. ಇಷ್ಟು ದಿನ ನನ್ನ ಕೈಯೇ ಬಟನ್‌ಗೆ ತಾಗಿದೆ ಅಂದುಕೊಂಡಿದ್ದೆ. ಬಟನ್ ಒತ್ತಿದರೆ ದೀಪ ಸುಮ್ನೆ ಉರಿಯುತ್ತದೆ. ಮಿಣುಕಿದರೆ ಕಂಪ್ಯೂಟರು ದೂರು ಹೇಳುತ್ತಿದೆ ಅಂತ.

ಮರುದಿನ ಬೆಳಿಗ್ಗೆ ಗೇರ್‌ಬಾಕ್ಸಿನ ಹೊರಗಿನ ಪ್ಲಗ್ ಬಿಚ್ಚಿ, ಮಲ್ಟಿಮೀಟರಿನ ಒಂದು ವೈರ್ ಪಿನ್ನಿಗೆ, ಇನ್ನೊಂದು ಬಾಡಿಗೆ ಹಿಡಿದೆ. ಎರಡೂ ಕಾಯಿಲ್ 13 ಓಮ್ ತೋರಿಸಿದವು. ಈ ಗಾಡಿಗೆ ತಣ್ಣಗಿದ್ದಾಗ 11ರಿಂದ 15ರವರೆಗೆ ಸರಿ. ಪ್ಲಗ್ ಹಾಕಿ ಹುಬ್ಬಳ್ಳಿಗೆ ಹೋಗಿ ಬಂದೆ. ಬಿಸಿ ಇರುವಾಗಲೇ ಮತ್ತೆ ಅಳೆದೆ. ಸೈಲೆನ್ಸರ್ ಪೈಪಿಗೆ ತಾಗಿ ಕೈ ಸುಟ್ಟುಕೊಂಡದ್ದು ಬೇರೆ ಮಾತು. ಒಂದು 16 ತೋರಿಸಿತು. ತಾಮ್ರ ಬಿಸಿಯಾದರೆ ಅಷ್ಟು ಏರುತ್ತದೆ. ಇನ್ನೊಂದರಲ್ಲಿ ಏನೂ ಇಲ್ಲ, ಪೂರಾ ಓಪನ್, ಅಂದರೆ ಒಳಗೆ ತಂತಿ ಕಡಿದಿದೆ. ಮೋಟರುಗಳಲ್ಲೂ ಇದನ್ನು ಎಷ್ಟೋ ಸಲ ನೋಡಿದ್ದೇನೆ. ತಣ್ಣಗಿದ್ದಾಗ ಕಡಿದ ತಂತಿಯ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಯಾದರೆ ಬಿಟ್ಟುಕೊಳ್ಳುತ್ತವೆ.

ಸೊಲೆನಾಯ್ಡ್ ಬೆಂಗಳೂರಿನಿಂದ ತರಿಸಿದೆ. ಕೆಳಗಿನ ತಟ್ಟೆ ಬಿಚ್ಚಿದರೆ ಅದು ಒಂದೇ ಬೋಲ್ಟಿನಲ್ಲಿ ಕೂತಿತ್ತು. ತಟ್ಟೆಯ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಕೆಸರು ಇತ್ತು, ಅದು ಇರುವುದೇ. ಚೂರುಗಳಿದ್ದರೆ ಹೆದರುತ್ತಿದ್ದೆ. ಆಯಿಲ್, ಫಿಲ್ಟರ್ ಸೇರಿ ಏಳು ಸಾವಿರದೊಳಗೆ ಮುಗಿಯಿತು.

ಹಳೇ ಕಾಯಿಲನ್ನು ಅಂಗಡಿಯಲ್ಲಿ ಒಡೆದು ನೋಡಿದೆ. ಕೂದಲೆಳೆಯಂಥ ತಂತಿ, ಬೆಸುಗೆ ಹಾಕಿದ ಹತ್ತಿರವೇ ಕಡಿದಿತ್ತು.