ಮನೆಯಲ್ಲೇ ಮಾಡಿದ ಹೈಡ್ರೋಫೋನಿನಲ್ಲಿ ಕಡೆಗೂ ಸಿಕ್ಕಿತು ಕಡಲಹಂದಿಯ ಕ್ಲಿಕ್

ಲಕ್ಷ ರೂಪಾಯಿಯ ಹೈಡ್ರೋಫೋನ್ (ನೀರೊಳಗಿನ ಮೈಕು) ಇಲ್ಲದೆ ಕಡಲಹಂದಿಯ ಸದ್ದು ಹಿಡಿಯುವುದು ಆಗದ ಮಾತು ಎಂದವರೇ ಜಾಸ್ತಿ. ಆಯಿತು. ರೆಕಾರ್ಡರ್ ಬಿಟ್ಟು ಮೂರು ಸಾವಿರ ಚಿಲ್ಲರೆ. ಹಾಳಾದ ನಾಲ್ಕು ತಲೆಗಳನ್ನೂ (ತಲೆ ಎಂದರೆ ನೀರಿನಲ್ಲಿ ಸದ್ದು ಹಿಡಿಯುವ ತುದಿ) ಸೇರಿಸಿದರೆ ಹನ್ನೊಂದು ಸಾವಿರದ ಆಸುಪಾಸು.

ಕಾರವಾರದ ದಂಡೆಯ ಹತ್ತಿರ ಗೂನುಬೆನ್ನಿನ ಡಾಲ್ಫಿನ್ ಗುರುತಿಸಲು ಕಣ್ಣು ಸಾಕು. ನಮ್ಮ ಕಡಲಹಂದಿ, ಅಂದರೆ ಬೆನ್ನುರೆಕ್ಕೆಯೇ ಇಲ್ಲದ ಫಿನ್‌ಲೆಸ್ ಪೋರ್ಪಾಯ್ಸ್, ಹಾಗಲ್ಲ. ನೀರು ಚಿಮ್ಮಿಸದೆ ಉಸಿರೆಳೆದು ಮುಳುಗಿಬಿಡುತ್ತದೆ, ಸಿಳ್ಳೆಯನ್ನೂ ಹಾಕದು. ಇರುವುದು 125 ಕಿಲೋಹರ್ಟ್ಸ್ ಸುತ್ತಿನ ಕಿರಿದಾದ ಪಟ್ಟಿಯ ಕ್ಲಿಕ್ ಮಾತ್ರ. ರೆಕಾರ್ಡರ್ ಹಿಡಿಯುವುದು ತನ್ನ ಸ್ಯಾಂಪ್ಲಿಂಗಿನ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬುದರ) ಅರ್ಧದವರೆಗಿನ ಸದ್ದು ಮಾತ್ರ; 96 ಕಿಲೋಹರ್ಟ್ಸ್ ಸ್ಯಾಂಪ್ಲಿಂಗಿನ ಸಂಗೀತದ ರೆಕಾರ್ಡರ್ ಇಳಿಸಿದರೆ ಸಮುದ್ರ ಖಾಲಿ! 384ಕ್ಕೆ ಹೋಗಲೇಬೇಕು. ಗಂಟೆಗೆ 2.7 ಜಿಬಿ ತಿನ್ನುತ್ತದೆ, 64 ಜಿಬಿ ಕಾರ್ಡು ಒಂದು ದಿನವೂ ಬಾರದು. ಹಾಗಾಗಿ ಐದು ನಿಮಿಷಕ್ಕೊಂದು ನಿಮಿಷ ಮಾತ್ರ ರೆಕಾರ್ಡಿಂಗ್.

ಮೊದಲು ಹಾಕಿದ್ದು ಇಪ್ಪತ್ತು ರೂಪಾಯಿಯ 27 ಮಿ.ಮೀ. ಹಿತ್ತಾಳೆ ಪೀಜೋ ಬಿಲ್ಲೆ (ಸದ್ದಿನ ಒತ್ತಡವನ್ನು ವಿದ್ಯುತ್ತಾಗಿಸುವ ತಟ್ಟೆ). ಡಾಲ್ಫಿನ್ ಸಿಳ್ಳೆ, ಕಾಳಿ ಅಳಿವೆಯಲ್ಲಿ ಸಂಜೆ ಕ್ರೋಕರ್ ಮೀನು ಬಾರಿಸುವ ಡೋಲು ಎರಡಕ್ಕೂ ಅದು ಬೇಕಾದಷ್ಟಾಯಿತು. ನೂರು ಕಿಲೋಹರ್ಟ್ಸ್ ದಾಟಿದರೆ ಕಿವುಡು. ಕೊನೆಗೆ ನಿಂತದ್ದು 6 ಮಿ.ಮೀ. ಹೊರವ್ಯಾಸದ ಪೀಜೋ ಸೆರಾಮಿಕ್ ಕೊಳವೆಗೆ. ಅದರ ಅನುರಣನ (ಅದು ತಾನೇ ಹೆಚ್ಚು ಕಂಪಿಸುವ ಆವರ್ತನ) ನಮಗೆ ಬೇಕಾದ ಪಟ್ಟಿಗಿಂತ ಸ್ವಲ್ಪ ಮೇಲೆ ಬೀಳುತ್ತದೆ. ಬೆಸುಗೆ ಎರಡು ಸೆಕೆಂಡಿನೊಳಗೆ ಮುಗಿಯಬೇಕು, ಬೆಳ್ಳಿ ಬೆರೆತ ಲೆಡ್ಡೇ (ಬೆಸುಗೆ ಲೋಹ) ಬೇಕು. ಇಲ್ಲವಾದರೆ ಕೊಳವೆಯ ಮೇಲಿನ ಬೆಳ್ಳಿ ಪದರವೇ ಕರಗಿ ಲೆಡ್ಡಿಗೆ ಸೇರಿಕೊಳ್ಳುತ್ತದೆ. ಒಂದು ತಲೆ ಹೋದದ್ದು ಹೀಗೆ.

ಎರಡು ತಲೆಗಳನ್ನು ತಿಂದದ್ದು ನೀರು ತಾಗದಂತೆ ಕೊಳವೆಯ ಸುತ್ತ ಎರೆಯುವ ಪಾಲಿಯುರೆಥೇನ್. ಕರಾವಳಿಯ ಗಾಳಿಯ ತೇವ ಅದರ ಹಾರ್ಡನರ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಟ್ಟಿಯಾಗುವಾಗ ಒಳಗೆಲ್ಲ ಗುಳ್ಳೆ. ಗುಳ್ಳೆ ಇದ್ದಲ್ಲಿ ಸದ್ದು ವಾಪಸು ಹೋಗುತ್ತದೆ, ಸೆರಾಮಿಕ್ಕಿಗೆ ತಲುಪದು. ಜೂನ್‌ನಲ್ಲಿ ಎರೆದದ್ದು ಸ್ಪಂಜಾಯಿತು, ಡಿಸೆಂಬರಿನಲ್ಲಿ ಎಸಿ ಕೋಣೆಯಲ್ಲಿ ಎರೆದದ್ದು ಗಾಜಿನಂತೆ ಬಂತು. ಎರೆಯುವ ಮೊದಲು ಕೊಳವೆಗೆ ಬಳಿಯುವ ಒಂದು ಪದರವಿದೆ, ಅದು ನನ್ನಲ್ಲೇ ಇರಲಿ. ನಾಲ್ಕನೆಯದು ಕೇಬಲ್ ತಪ್ಪು: ತಂತಿ ಎಳೆಗಳ ನಡುವೆ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿತ್ತು. (ಹರಳೆಣ್ಣೆ ತುಂಬಿದ ರಬ್ಬರ್ ನಳಿಗೆಯನ್ನೂ ಮಾಡಿ ನೋಡಿದೆ. ಸದ್ದು ಚೊಕ್ಕಟ, ಆದರೆ ಬಿಸಿಲಲ್ಲಿ ಉಬ್ಬಿ ಸೋರುತ್ತದೆ.)

ಕೊಳವೆಯ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಆಂಪ್ಲಿಫೈಯರ್ ತಲೆಯ ಪಕ್ಕದಲ್ಲೇ ಇರಬೇಕು. ಇನ್‌ಪುಟ್‌ನಲ್ಲೇ 10 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಇಲ್ಲವಾದರೆ ಅಲೆ ಮತ್ತು ದೋಣಿ ಇಂಜಿನ್ನಿನ ಸದ್ದೇ ಆಂಪ್ಲಿಫೈಯರಿನ ಹಿಗ್ಗಿಸುವ ಶಕ್ತಿಯನ್ನೆಲ್ಲ ನುಂಗುತ್ತದೆ.

ನಿಜವಾದ ಮೋಸ ಫೈಲುಗಳಲ್ಲಿದೆ. ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಬಂಡೆಗಳ ಬಳಿ ಚಿಟಿಕೆ ಸಿಗಡಿಯ ಚಟಪಟ 100 ಕಿಲೋಹರ್ಟ್ಸ್ ಮೇಲೂ ಹಬ್ಬುತ್ತದೆ. ಮೀನು ದೋಣಿಯ 200 ಕಿಲೋಹರ್ಟ್ಸ್ ಫಿಶ್‌ಫೈಂಡರ್ (ಸದ್ದು ಬಿಟ್ಟು ಮೀನು ಹುಡುಕುವ ಯಂತ್ರ) 384ರ ಸ್ಯಾಂಪ್ಲಿಂಗಿನ ಅರ್ಧ, ಅಂದರೆ 192, ದಾಟುವುದರಿಂದ ಮಡಚಿಕೊಂಡು ಸುಳ್ಳಾಗಿ 184ರಲ್ಲಿ ಕಾಣುತ್ತದೆ. ಮೂರು ವಾರ ಅದನ್ನೇ ಹೊಸ ಪ್ರಾಣಿ ಎಂದುಕೊಂಡಿದ್ದಾಯಿತು. ಕ್ಲಿಕ್‌ಗಳು ಗಡಿಯಾರದಂತೆ ಸಮ ಅಂತರದಲ್ಲಿ ಬಂದರೆ ಯಂತ್ರ. ಪ್ರಾಣಿಯ ಅಂತರ ಜಾರುತ್ತಿರುತ್ತದೆ, ಬೇಟೆ ಹತ್ತಿರವಾದಂತೆ ಕೆಲವೇ ಮಿಲಿಸೆಕೆಂಡಿಗಿಳಿದು ಜೇಂಕಾರವಾಗುತ್ತದೆ.

ಡಾಲ್ಫಿನ್‌ಗೂ ಪೋರ್ಪಾಯ್ಸ್‌ಗೂ ಫರಕು ಶಿಖರದ ಆವರ್ತನದಿಂದ (ಸದ್ದು ಅತಿ ಜೋರಾಗಿರುವ ಆವರ್ತನದಿಂದ) ಸಿಗುವುದಿಲ್ಲ. ಗೂನುಬೆನ್ನಿನದರ ಕ್ಲಿಕ್ಕೂ 100 ಮುಟ್ಟುತ್ತದೆ. ನೋಡಬೇಕಾದ್ದು 30–80ರ ಪಟ್ಟಿಯಲ್ಲಿ ಏನಾದರೂ ಇದೆಯೇ ಎಂದು. ಡಾಲ್ಫಿನ್ ಆದರೆ ಅಲ್ಲೂ ತುಂಬಿರುತ್ತದೆ, ಎರಡು-ಮೂರು ಸುತ್ತಿನಲ್ಲೇ (ಕಂಪನದಲ್ಲೇ) ಕ್ಲಿಕ್ ಮುಗಿಯುತ್ತದೆ. ಪೋರ್ಪಾಯ್ಸ್ ಆದರೆ ಅಲ್ಲಿ ಮೌನ, ಕ್ಲಿಕ್ ಹತ್ತು ಸುತ್ತಾದರೂ ಎಳೆಯುತ್ತದೆ. ಒಂಟಿ ಕ್ಲಿಕ್ ನಂಬಬೇಡಿ, ಹತ್ತರ ಸರವಾದರೂ ಇರಲಿ. ಈ ಎರಡು ಪಟ್ಟಿಗಳ ಸದ್ದಿನ ಅನುಪಾತಕ್ಕೆ ನಾನಿಟ್ಟ ಅಂಕಿ ಹೇಳುವುದಿಲ್ಲ, ನೀವು ಮಾಡುವ ಹೈಡ್ರೋಫೋನ್ ತಲೆಗೆ ಅದು ಹೊಂದುವುದೂ ಇಲ್ಲ.

ಇನ್ನೂರು ಮೀಟರಿನಾಚೆಗೆ ನನಗೆ ಏನೂ ಸಿಕ್ಕಿಲ್ಲ. ಇಷ್ಟು ಎತ್ತರದ ಸದ್ದನ್ನು ಉಪ್ಪುನೀರು ಬೇಗ ಹೀರುತ್ತದೆ. ಸ್ಪರ್ಮ್ ತಿಮಿಂಗಿಲವಾದರೆ ಹತ್ತು-ಹದಿನೈದು ಕಿಲೋಹರ್ಟ್ಸ್‌ನ ಕ್ಲಿಕ್, ಮೈಲುಗಟ್ಟಲೆ ದೂರಕ್ಕೆ ಕೇಳುತ್ತದೆ. ಆದರೆ ಅದಿರುವುದು ಆಳಸಮುದ್ರದಲ್ಲಿ, ಅಷ್ಟು ದೂರದ ಡೀಸೆಲ್ ಖರ್ಚು ಈ ಲೆಕ್ಕದಲ್ಲಿಲ್ಲ.