ಸೂಪರ್‌ಬ್ಲಾಕ್ ಹೋದರೂ ಫೈಲುಗಳು ಸಿಕ್ಕವು

ಪರಿಚಯದ ಮೇಷ್ಟ್ರೊಬ್ಬರ ಹಾರ್ಡ್ ಡಿಸ್ಕ್ ನನ್ನ ಹತ್ತಿರ ಬಂತು. ಊರೂರು ತಿರುಗಿ ಅವರು ರೆಕಾರ್ಡ್ ಮಾಡಿದ್ದ ಸೋಬಾನೆ ಪದಗಳು ಅದರಲ್ಲಿದ್ದವು. ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್, ಲಿನಕ್ಸಿನ ಇಎಕ್ಸ್‌ಟಿ4. ಲಿನಕ್ಸ್ ಅದನ್ನು ಮೌಂಟ್ ಮಾಡಲು (ತೆರೆದು ಬಳಕೆಗೆ ಕೊಡಲು) ಒಪ್ಪುತ್ತಿರಲಿಲ್ಲ, 'ಬ್ಯಾಡ್ ಸೂಪರ್‌ಬ್ಲಾಕ್' ಎನ್ನುತ್ತಿತ್ತು. ಸೂಪರ್‌ಬ್ಲಾಕ್ ಎಂದರೆ ಫೈಲ್ ಸಿಸ್ಟಮ್ಮಿನ ಗಾತ್ರ, ರಚನೆಯ ವಿವರ ಬರೆದಿಟ್ಟ ಜಾಗ.

ಇಂಥ ಹೊತ್ತಲ್ಲಿ ತಕ್ಷಣ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸೋಣ ಅನ್ನಿಸುತ್ತದೆ, ಅಲ್ವಾ? ನಾನು ಮೊದಲೇ ಓಡಿಸುವುದಿಲ್ಲ. ಅದಕ್ಕೆ ಫೈಲ್ ಸಿಸ್ಟಮ್ಮಿನ ಲೆಕ್ಕ ತಾಳೆಯಾಗಬೇಕು, ಅಷ್ಟೆ. ಅದಕ್ಕಾಗಿ ಫೈಲನ್ನೇ ಬಿಡಬೇಕಾಗಿ ಬಂದರೆ ಬಿಟ್ಟುಬಿಡುತ್ತದೆ.

ಮೊದಲು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಿಂದ ಪಾರ್ಟಿಶನ್ನಿನ (ಡಿಸ್ಕಿನ ಆ ವಿಭಾಗದ) ಇಮೇಜ್, ಅಂದರೆ ಬೈಟಿಗೆ ಬೈಟ್ ನಕಲು, ತೆಗೆದೆ. ಅದು ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ಭಯವಿಲ್ಲ. ಆಮೇಲಿನ ಕೆಲಸವೆಲ್ಲ ಇಮೇಜಿನ ಮೇಲೆಯೇ. ಮೂಲ ಡಿಸ್ಕ್ ಎತ್ತಿಟ್ಟೆ.

ಇಎಕ್ಸ್‌ಟಿ4ರಲ್ಲಿ ಸೂಪರ್‌ಬ್ಲಾಕ್ ಇರುವುದು ಪಾರ್ಟಿಶನ್ನಿನ ಶುರುವಿನಿಂದ 1024 ಬೈಟ್ ದಾಟಿದ ಮೇಲೆ. 1080ನೇ ಬೈಟಿನಲ್ಲಿ ಹೆಕ್ಸ್ ಅಂಕಿಯಲ್ಲಿ 53, ಇಎಫ್ ಎಂಬ ಗುರುತು ಕಾಣಬೇಕು. ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್‌ಡಂಪ್ ಮಾಡಿ ನೋಡಿದರೆ ಅಲ್ಲಿ ಬರೀ ಸೊನ್ನೆಗಳು.

ಆದರೆ ಇದರ ನಕಲುಗಳು ಬೇರೆ ಕಡೆ ಇರುತ್ತವೆ. ಬ್ಲಾಕಿನ (ಫೈಲ್ ಸಿಸ್ಟಮ್ ಜಾಗ ಹಂಚುವ ತುಂಡಿನ) ಗಾತ್ರ 4096 ಬೈಟ್ ಇದ್ದರೆ ಸಾಮಾನ್ಯವಾಗಿ 32768, 98304, 163840ನೇ ಬ್ಲಾಕುಗಳಲ್ಲಿ. ಹೊಸ ಫೈಲ್ ಸಿಸ್ಟಮ್ ಮಾಡುವ ಎಮ್‌ಕೆಇ2ಎಫ್‌ಎಸ್‌ಗೆ 'ಮೈನಸ್ ಎನ್' ಕೊಟ್ಟು ಕೇಳಿದರೆ ಈ ಪಟ್ಟಿಯನ್ನು ಹೇಳುತ್ತದೆ. ಆ ಎನ್ ಬಿಟ್ಟರೆ ಮಾತ್ರ ಹಳೆಯದರ ಮೇಲೆಯೇ ಹೊಸ ಫೈಲ್ ಸಿಸ್ಟಮ್ ಬರೆದುಬಿಡುತ್ತದೆ. ಹಾಗಾಗಿ ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿಕೊಳ್ಳಿ.

ರಿಪೇರಿಗೆ ಮೊದಲು ಇಮೇಜನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿದೆ. ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಓಡದಂತೆ 'ನೋಲೋಡ್' ಸೇರಿಸಿದೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ: ಯಾವ ಸೂಪರ್‌ಬ್ಲಾಕ್ ಬಳಸಬೇಕೆಂದು ಹೇಳುವ ಮೌಂಟ್‌ನ 'ಎಸ್‌ಬಿ' ಲೆಕ್ಕ 1 ಕೆಬಿ ತುಂಡುಗಳದು. ಅಂದರೆ 32768 ಅಲ್ಲ, ಅದರ ನಾಲ್ಕರಷ್ಟು, 131072 ಕೊಡಬೇಕು. ಮೌಂಟ್ ಆಯಿತು! ಓದಲು ಬಂದಷ್ಟನ್ನು ಕಾಪಿ ಮಾಡಿಕೊಂಡೆ.

ಆಮೇಲೆ ಅನ್‌ಮೌಂಟ್ ಮಾಡಿ, ಇಮೇಜಿನ ಇನ್ನೊಂದು ನಕಲಿನ ಮೇಲೆ ಇ2ಎಫ್‌ಎಸ್‌ಸಿಕೆ, ಅಂದರೆ ಇಎಕ್ಸ್‌ಟಿ4ರ ಎಫ್‌ಎಸ್‌ಸಿಕೆ, ಓಡಿಸಿದೆ. 'ಮೈನಸ್ ಬಿ' ಜೊತೆಗೆ 32768. ಇಲ್ಲಿ ಮಾತ್ರ ಬ್ಲಾಕ್ ಸಂಖ್ಯೆಯೇ. ಅದು ಮುಗಿದಾಗ ಮೊದಲ ಸೂಪರ್‌ಬ್ಲಾಕನ್ನೂ ತಾನೇ ಸರಿಮಾಡಿತ್ತು.

ಕಳಚಿಹೋಗಿದ್ದ ಫೈಲುಗಳು 'ಲಾಸ್ಟ್+ಫೌಂಡ್' ಫೋಲ್ಡರಿನ ಒಳಗೆ ಬಂದಿದ್ದವು. ಹೆಸರಿಲ್ಲ, ಐನೋಡ್ ಸಂಖ್ಯೆ (ಫೈಲ್ ಸಿಸ್ಟಮ್ ತನ್ನೊಳಗೆ ಫೈಲಿಗೆ ಕೊಟ್ಟ ನಂಬರು) ಮಾತ್ರ. ಅಲ್ಲಿ ಮೊದಲು ಫೋಲ್ಡರುಗಳನ್ನು ನೋಡಬೇಕು. ಫೋಲ್ಡರಿನ ಹೆಸರು ಹೋಗಿದ್ದರೂ ಒಳಗಿನ ಫೈಲುಗಳ ಹೆಸರು ಹಾಗೇ ಉಳಿದಿರುತ್ತದೆ. ಬಿಡಿ ಫೈಲುಗಳಲ್ಲಿ ಆಡಿಯೋ ಯಾವುದು ಎಂದು 'ಫೈಲ್' ಕಮಾಂಡ್ ಗುರುತಿಸಿತು. ಯಾವ ಊರಿನ ಯಾರ ಪದ ಎಂಬುದನ್ನು ಮೇಷ್ಟ್ರು ಕೂತು, ಕೇಳಿ, ಒಂದೊಂದಕ್ಕೂ ಹೆಸರು ಬರೆಸಿದರು.