ಹನುಕ್ಕಾದ ಎಣ್ಣೆ ದೀಪ: ಬತ್ತಿ, ಬಟ್ಟಲುಗಳ ಆಯ್ಕೆ ಹೇಗೆ?

ಯೆಹೂದ್ಯರ ಹನುಕ್ಕಾ ಹಬ್ಬದಲ್ಲಿ ಮೊದಲ ರಾತ್ರಿ ಒಂದು, ಎರಡನೆಯ ರಾತ್ರಿ ಎರಡು ಎಂದು ಎಂಟು ರಾತ್ರಿ ದೀಪಗಳು ಏರುತ್ತಾ ಹೋಗುತ್ತವೆ. ಅವನ್ನು ಹೊತ್ತಿಸುವ ‘ಶಮಾಶ್’ ದೀಪವನ್ನೂ ಎಣಿಸಿದರೆ ಒಟ್ಟು 44 ದೀಪಗಳು. ಮೇಣದ ಬತ್ತಿಯೂ ನಡೆಯುತ್ತದೆ. ಆದರೆ ಜೆರುಸಲೇಮಿನ ದೇವಾಲಯದಲ್ಲಿ ಒಂದು ದಿನಕ್ಕಾಗುವಷ್ಟಿದ್ದ ಎಣ್ಣೆ ಎಂಟು ದಿನ ಉರಿಯಿತೆಂಬ ನಂಬಿಕೆಯ ನೆನಪಿಗೆ ಹಲವರು ಆಲಿವ್ ಎಣ್ಣೆಯನ್ನೇ ಬಯಸುತ್ತಾರೆ.

ಮೊದಲು ಬಟ್ಟಲನ್ನು ಆರಿಸಿ. ಆಲಿವ್ ಎಣ್ಣೆ ಸೀಮೆಎಣ್ಣೆಯಷ್ಟು ತೆಳುವಲ್ಲದ ಕಾರಣ ಬತ್ತಿಯಲ್ಲಿ ಹೆಚ್ಚು ಎತ್ತರಕ್ಕೆ ಏರುವುದಿಲ್ಲ. ಆದ್ದರಿಂದ ಕಿರಿದಾದ ಆಳದ ಲೋಟಕ್ಕಿಂತ ಅಗಲವಾದ, ತಗ್ಗಾದ ಗಾಜಿನ ಬಟ್ಟಲು ಮೇಲು. ಬತ್ತಿಯನ್ನು ಬಟ್ಟಲಿನ ಅಂಚಿಗೆ ಕೂರುವ ಲೋಹದ ಹಿಡಿಕೆಗೆ ಪೋಣಿಸಿದರೆ, ಎಣ್ಣೆ ಇಳಿದಂತೆಲ್ಲ ಕುಡಿಗೂ ಎಣ್ಣೆಗೂ ಅಂತರ ಹೆಚ್ಚಿ ದೀಪ ಮಂಕಾಗುತ್ತದೆ. ತೇಲುವ ಬೆಂಡಿನ ಬಿಲ್ಲೆಯಾದರೆ ಎಣ್ಣೆಯೊಂದಿಗೇ ಇಳಿಯುತ್ತದೆ. ನನ್ನ ಒಲವು ಇದಕ್ಕೇ. ತಳದಲ್ಲಿ ಒಂದು ಬೆರಳಷ್ಟು ನೀರು ಹಾಕಿ ಮೇಲೆ ಎಣ್ಣೆ ಸುರಿದರೆ, ಎಣ್ಣೆ ಮುಗಿದಾಗ ಕುಡಿ ನೀರಿಗೆ ತಾಗಿ ತಾನೇ ಆರುತ್ತದೆ, ಗಾಜು ಬಿಸಿಯೇರಿ ಸೀಳುವ ಭಯವಿರುವುದಿಲ್ಲ.

ಬತ್ತಿ ಶುದ್ಧ ಹತ್ತಿಯದ್ದಾಗಿರಲಿ. ನೈಲಾನ್ ಎಳೆ ಬೆರೆತದ್ದು ಕರಗಿ ಗಂಟುಕಟ್ಟುತ್ತದೆ. ಹಿಡಿಕೆಯ ರಂಧ್ರದಲ್ಲಿ ಬತ್ತಿ ತುಸು ಬಿಗಿಯಾಗಿ ಸರಿಯಬೇಕು: ತೀರಾ ಬಿಗಿಯಾದರೆ ಎಣ್ಣೆ ಏರುವುದಿಲ್ಲ, ಸಡಿಲವಾದರೆ ಬತ್ತಿ ಒಳಕ್ಕೆ ಜಾರುತ್ತದೆ. ಹೊತ್ತಿಸುವ ಮೊದಲು ಐದು ನಿಮಿಷ ಎಣ್ಣೆಯಲ್ಲಿ ನೆನೆಸಿ, ಅಕ್ಕಿಕಾಳಿನಷ್ಟು ತುದಿ ಮಾತ್ರ ಮೇಲಕ್ಕೆ ಬಿಡಿ. ಅದಕ್ಕಿಂತ ಉದ್ದವಾದರೆ ಜ್ವಾಲೆ ಹೊಗೆಯಾಡಿ ಗಾಜಿಗೆ ಮಸಿ ಹಿಡಿಯುತ್ತದೆ. ನಿನ್ನೆಯ ಬತ್ತಿಯನ್ನು ಎಸೆಯಬೇಕಿಲ್ಲ, ಉರಿದ ತುದಿ ಬೇಗ ಹೊತ್ತಿಕೊಳ್ಳುತ್ತದೆ. ಕರಿಗಟ್ಟಿದ್ದನ್ನಷ್ಟೇ ಚಿವುಟಿದರೆ ಸಾಕು.

ಶಾಸ್ತ್ರದ ಪ್ರಕಾರ ಯಾವ ಎಣ್ಣೆಯೂ ಸಲ್ಲುತ್ತದೆ. ಕೊಚ್ಚಿಯ ಸಿನಗಾಗ್‌ನ (ಯೆಹೂದ್ಯರ ಪ್ರಾರ್ಥನಾ ಮಂದಿರದ) ತೂಗುದೀಪಗಳಲ್ಲಿ ಕೊಬ್ಬರಿ ಎಣ್ಣೆ ಉರಿದದ್ದುಂಟು. ಆದರೆ ಡಿಸೆಂಬರಿನ ಜೆರುಸಲೇಮಿನ ಚಳಿಯಲ್ಲಿ ಅದು ಹೆಪ್ಪುಗಟ್ಟುವುದರಿಂದ ಬತ್ತಿಗೆ ಏರಲಾರದು.

ದೀಪಗಳು ಒಂದೇ ಸಾಲಿನಲ್ಲಿ, ಒಂದರ ಜ್ವಾಲೆ ಇನ್ನೊಂದಕ್ಕೆ ಸೇರದಷ್ಟು ದೂರದಲ್ಲಿರಲಿ. ಶಮಾಶ್ ಬೇರೆಯಾಗಿ ಕಾಣುವಂತೆ ಎತ್ತರದಲ್ಲಿರಲಿ. ನಕ್ಷತ್ರ ಮೂಡಿದ ಮೇಲೆ ಅರ್ಧ ಗಂಟೆಯಾದರೂ ದೀಪ ಉರಿಯಬೇಕು. ಶುಕ್ರವಾರ ಮಾತ್ರ, ಬೆಂಕಿ ಹೊತ್ತಿಸಬಾರದ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗೆ ಮುನ್ನ, ಸೂರ್ಯ ಮುಳುಗುವ ಮೊದಲೇ ಹೊತ್ತಿಸುವುದರಿಂದ ಆ ಸಂಜೆ ಎಣ್ಣೆ ಹೆಚ್ಚು ಬೇಕು. ಗುರುವಾರವೇ ಒಂದು ಬಟ್ಟಲನ್ನು ಹೊತ್ತಿಸಿ, ಎಷ್ಟು ಎಣ್ಣೆ ಎಷ್ಟು ಹೊತ್ತು ಉರಿಯಿತೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.